ಕಾಸರಗೋಡಿನ ಹಳ್ಳಿಯಿಂದ ಫ್ಯಾಮಿಲಿ ಪ್ಲಾನಿಂಗ್ ಸೇವೆ ಪಡೆಯೋದು ಹೇಗೆ: ವಾಪಸ್ ಬಾರದೆ ಒಂದೇ ಸಲಕ್ಕೆ ಕೆಲಸ ಆಗ್ಬೇಕಾದ್ರೆ

ಪೈವಳಿಕೆ, ವರ್ಕಾಡಿ, ಎಣ್ಮಕಜೆ, ಬೆಳ್ಳೂರು ಕಡೆಯವರು ಪದೇ ಪದೇ ಹೇಳೋದು ಒಂದೇ, "ಆಸ್ಪತ್ರೆಗೆ ಹೋಗಿದ್ದೆವು, ಇವತ್ತು ಆಗೋದಿಲ್ಲ ಅಂತ ಕಳಿಸಿದ್ರು." ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಒಂದು ದಿನದ ಕೂಲಿ ಬಿಟ್ಟು, ಮಗುವನ್ನ ಅತ್ತೆ ಹತ್ರ ಬಿಟ್ಟು ಹೋಗಿ, ಬರಿಗೈಲಿ ಬರೋದು. ಎಂತ ಆಯ್ತು ಅಂತ ಸರಿಯಾಗಿ ಕೇಳಿದ್ರೆ ಹೆಚ್ಚಿನವರ ವಿಷಯದಲ್ಲಿ ಸೇವೆ ಇಲ್ಲದೆ ಅಲ್ಲ, ಹೋದ ದಿನ ಸರಿ ಇರಲಿಲ್ಲ, ಇಲ್ಲಾಂದ್ರೆ ಹೋದ ಜಾಗ ಸರಿ ಇರಲಿಲ್ಲ. ನಮ್ಮವರು ಸೀದಾ ಕಾಸರಗೋಡಿನ ಜನರಲ್ ಆಸ್ಪತ್ರೆಗೋ ತಲಪಾಡಿ ದಾಟಿ ಮಂಗಳೂರಿಗೋ ಹೋಗ್ತಾರೆ, ಮನೆಯಿಂದ ನಡೆದು ಹೋಗುವಷ್ಟು ದೂರದ ಸಬ್ ಸೆಂಟರಿಗೆ ಮಾತ್ರ ಹೋಗೋದಿಲ್ಲ. ಕೆಳಗೆ ಬರೆದದ್ದನ್ನ ಅದೇ ಕ್ರಮದಲ್ಲಿ ಮಾಡಿ, ಮಧ್ಯದ್ದನ್ನ ಹಾರಿಸ್ಬೇಡಿ.

## ಹೊರಡುವ ಮೊದಲು ಕೈಲಿ ಇರಬೇಕಾದದ್ದು

ಆಧಾರ್, ರೇಷನ್ ಕಾರ್ಡ್, ಮಗು ಇದ್ರೆ ತಾಯಿ ಕಾರ್ಡ್, ಹಿಂದಿನ ಹೆರಿಗೆಯ ಡಿಸ್ಚಾರ್ಜ್ ಕಾಗದ, ಈಗ ತಗೊಳ್ತಾ ಇರುವ ಬೇರೆ ಮಾತ್ರೆಗಳ ಚೀಟಿ. ಆಪರೇಷನ್ ಅಂತಾದ್ರೆ ಬ್ಯಾಂಕ್ ಪಾಸ್‌ಬುಕ್ ಕೂಡ. ಇ-ಹೆಲ್ತ್ ಇರುವ ಆಸ್ಪತ್ರೆಯಲ್ಲಿ ಹಿಂದೆ ಓಪಿ ಚೀಟಿ ಮಾಡಿಸಿದ್ರೆ ಅದರಲ್ಲೊಂದು ನಂಬರ್ ಇರ್ತದೆ, ಅದರ ಫೋಟೋ ಫೋನಲ್ಲಿ ಇಟ್ಕೊಳ್ಳಿ, ಪ್ರತಿ ಸಲ ಹೊಸದಾಗಿ ಹೆಸರು ಬರೆಸುವ ತಾಪತ್ರಯ ಇರೋದಿಲ್ಲ.

ಆದ್ರೆ ಒಂದು ವಿಷಯ, ನಿರೋಧ್ (ಸರಕಾರದ ಕಾಂಡೋಮ್), ಮಾತ್ರೆ ಇವಕ್ಕೆಲ್ಲ ಈ ಕಾಗದ ಯಾವುದೂ ಬೇಡ. ಅಡಿಕೆ ತೋಟಕ್ಕೆ, ಕಲ್ಲಿನ ಕೋರೆಗೆ ಅಂತ ಹೊರಗಿಂದ ಬಂದ ಕುಟುಂಬದವರು ಕೇರಳದ ರೇಷನ್ ಕಾರ್ಡ್ ಇಲ್ಲ ಅಂತ ಹೆದರಿ ಕೂರ್ತಾರೆ, ಅದು ಬೇಡವೇ ಬೇಡ, ಹೋಗಿ ಕೇಳಿ.

## ಹಂತ 1: ಎರಡು ತಾರೀಕು ಬರೆದಿಡಿ

ಒಂದು, ಕಳೆದ ಸಲ ಮುಟ್ಟು ಶುರುವಾದ ಮೊದಲ ದಿನ. ಎರಡು, ಹೆರಿಗೆ ಅಥವಾ ಅಬಾರ್ಷನ್ ಆಗಿದ್ರೆ ಅದರ ತಾರೀಕು. ನರ್ಸ್ ಕೇಳುವ ಮೊದಲ ಪ್ರಶ್ನೆ ಇದೇ, ವಾಪಸ್ ಕಳಿಸಲಿಕ್ಕೆ ದೊಡ್ಡ ಕಾರಣವೂ ಇದೇ. ಎಂತಕ್ಕೆ ಅಂದ್ರೆ ಒಂದೊಂದು ವಿಧಾನಕ್ಕೂ ಶುರು ಮಾಡುವ ದಿನ ಬೇರೆ.

ಅಂತರ ಇಂಜೆಕ್ಷನ್ (ಗರ್ಭ ನಿಲ್ಲದ ಹಾಗೆ 3 ತಿಂಗಳಿಗೊಮ್ಮೆ ತಗೊಳ್ಳೋದು) ಮುಟ್ಟಿನ ಮೊದಲ 7 ದಿನದ ಒಳಗೆ ತಗೊಂಡ್ರೆ ಆವತ್ತಿಂದಲೇ ರಕ್ಷಣೆ. ಛಾಯಾ, ಅಂದ್ರೆ ವಾರದ ಮಾತ್ರೆ, ಮುಟ್ಟಿನ ಮೊದಲ ದಿನವೇ ಶುರು. ಗರ್ಭಕೋಶದ ಒಳಗೆ ಹಾಕುವ ಕಾಪರ್‌ಟಿ ಮುಟ್ಟು ಶುರುವಾಗಿ 12 ದಿನದ ಒಳಗಾದ್ರೆ ಸುಲಭ. ಹೆಂಗಸರ ಆಪರೇಷನ್ ಹೆರಿಗೆ ಆಗಿ 7 ದಿನದ ಒಳಗೆ, ಅದು ತಪ್ಪಿದ್ರೆ 6 ವಾರ ಕಾಯ್ಬೇಕು, ಆಮೇಲೆ ಮಾಡೋದಾದ್ರೆ ಮುಟ್ಟು ಶುರುವಾಗಿ 7 ದಿನದ ಒಳಗೆ. ಈಗ ನೋಡಿ, ಮುಟ್ಟಿನ 20ನೇ ದಿನ ಹೋಗಿ ಕಾಪರ್‌ಟಿ ಹಾಕಿ ಅಂದ್ರೆ ಅವರಾದ್ರೂ ಎಂತ ಮಾಡೋದು, ಬಸುರಿ ಅಲ್ಲ ಅಂತ ಖಾತ್ರಿ ಇಲ್ಲದೆ ಹಾಕುವ ಹಾಗಿಲ್ಲ.

"ಹಬ್ಬದ ಹತ್ರ ಆಗಿತ್ತು", "ನೆಂಟರ ಮನೆ ಮದುವೆ ಆದ್ಮೇಲೆ" ಅಂತೆಲ್ಲ ಹೇಳಿದ್ರೆ ಸಾಲದು. ಫೋನಿನ ಕ್ಯಾಲೆಂಡರ್‌ನಲ್ಲೋ ಗೋಡೆಯ ಕ್ಯಾಲೆಂಡರ್‌ನಲ್ಲೋ ಪ್ರತಿ ತಿಂಗಳು ಗುರುತು ಹಾಕಿ.

## ಹಂತ 2: ಮೊದಲು ಆಶಾ, ಆಮೇಲೆ ಸಬ್ ಸೆಂಟರ್, ಅದಾದ ಮೇಲೆ ಆಸ್ಪತ್ರೆ

ನಿಮ್ಮ ವಾರ್ಡಿನ ಆಶಾ ಯಾರು ಅಂತ ಗೊತ್ತಿಲ್ಲದಿದ್ರೆ ಅಂಗನವಾಡಿಯಲ್ಲಿ ಕೇಳಿ. ನಿರೋಧ್, ಮಾಲಾ-ಎನ್ (ದಿನದ ಮಾತ್ರೆ), ಛಾಯಾ, ಈಝಿ ಪಿಲ್ (ಎಮರ್ಜೆನ್ಸಿ ಮಾತ್ರೆ), ಬಸುರಿ ಹೌದೋ ಅಲ್ವೋ ನೋಡುವ ನಿಶ್ಚಯ್ ಕಿಟ್, ಇದೆಲ್ಲ ಆಶಾ ಮೂಲಕ ಅಥವಾ ಸಬ್ ಸೆಂಟರಲ್ಲಿ ಸಿಗುವಂಥದ್ದು.

ಸಬ್ ಸೆಂಟರ್ ಎಲ್ಲಿ ಅಂತ ಹುಡುಕುವಾಗ ಬೋರ್ಡು ನೋಡಿ ಕನ್‌ಫ್ಯೂಸ್ ಆಗ್ಬೇಡಿ, ಈಗ ಅದಕ್ಕೆ ಜನಕೀಯ ಆರೋಗ್ಯ ಕೇಂದ್ರ ಅಂತ ಹೆಸರು. ಅಲ್ಲಿ ಇರೋದು ಜೆಪಿಎಚ್‌ಎನ್, ನಾವೆಲ್ಲ ಸಿಸ್ಟರ್ ಅಂತೇವಲ್ಲ ಅವರೇ. ನಿಮ್ಮ ಮನೆಯ ವಿವರ ಅವರ ರಿಜಿಸ್ಟರಿನಲ್ಲಿ ಇರ್ತದೆ, ಯಾವ ಆಸ್ಪತ್ರೆಯಲ್ಲಿ ಯಾವ ವಾರ ಆಪರೇಷನ್ ಉಂಟು, ಕಾಪರ್‌ಟಿ ಹಾಕುವ ಟ್ರೈನಿಂಗ್ ಆದವರು ಯಾವ ದಿನ ಇರ್ತಾರೆ, ಅಂತರ ಸ್ಟಾಕ್ ಉಂಟೋ ಇಲ್ವೋ, ಇದೆಲ್ಲ ಅವರಿಗೆ ಒಂದು ಫೋನಿನ ಕೆಲಸ. ನೀವು ಇದನ್ನ ಕೇಳದೆ ಸೀದಾ ದೊಡ್ಡ ಆಸ್ಪತ್ರೆಗೆ ಹೋದ್ರೆ ಆ ದಿನ ಅಲ್ಲ ಅಂತ ಗೊತ್ತಾಗೋದು ಕ್ಯೂ ಮುಗಿದ ಮೇಲೆ.

ಬುಧವಾರ ಹೋಗ್ಬೇಡಿ. ಅದು ಮಕ್ಕಳ ಲಸಿಕೆಯ ದಿನ, ಸಿಸ್ಟರಿಗೆ ಉಸಿರು ತೆಗೀಲಿಕ್ಕೂ ಪುರುಸೊತ್ತು ಇರೋದಿಲ್ಲ, ಸುತ್ತ ಹತ್ತು ತಾಯಂದಿರು ಇರುವಾಗ ನಿಮಗೂ ಬಾಯಿ ಬಿಟ್ಟು ಹೇಳಲಿಕ್ಕೆ ಆಗೋದಿಲ್ಲ. ಹೋಗುವ ಮುಂಚಿನ ದಿನ ಫೋನ್ ಮಾಡಿ, ಅವರು ಫೀಲ್ಡಿಗೆ ಹೋಗುವ ದಿನಗಳೂ ಇರ್ತವೆ.

ಸಬ್ ಸೆಂಟರಿಂದ ಮೇಲಿನ ದಾರಿ ಹೀಗೆ: ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರ, ಅಂದ್ರೆ ಹಳೇ ಪಿಎಚ್‌ಸಿ. ಅದರ ಮೇಲೆ ಕುಂಬಳೆ, ಬದಿಯಡ್ಕ, ಮುಳಿಯಾರಿನ ಹಾಗಿನ ಸಿಎಚ್‌ಸಿ (ಸಮುದಾಯ ಆರೋಗ್ಯ ಕೇಂದ್ರ), ಮತ್ತೆ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆ, ಕಾಸರಗೋಡಿನ ಜನರಲ್ ಆಸ್ಪತ್ರೆ, ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ. ಕೊರಗ, ಮರಾಟಿ ಕುಟುಂಬದವರಾದ್ರೆ ಎಸ್‌ಟಿ ಪ್ರೊಮೋಟರ್ ಹತ್ರವೂ ಜೊತೆಗೆ ಬರ್ಲಿಕ್ಕೆ ಹೇಳ್ಬಹುದು.

ಗುಟ್ಟಿನ ವಿಷಯ. ಆಶಾ ನಿಮ್ಮ ಮನೆ ಹತ್ರದವರೇ ಆಗಿದ್ದು, ಅವರ ಹತ್ರ ಹೇಳಿದ್ರೆ ಊರಿಗೆಲ್ಲ ಗೊತ್ತಾಗ್ತದೆ ಅಂತ ಹೆದರಿಕೆ ಇದ್ರೆ (ಈ ಹೆದರಿಕೆ ಸುಳ್ಳು ಅಂತ ನಾನು ಹೇಳೋದಿಲ್ಲ) ಅವರನ್ನ ಬಿಟ್ಟು ಸೀದಾ ಜೆಪಿಎಚ್‌ಎನ್ ಅಥವಾ ಕುಟುಂಬ ಆರೋಗ್ಯ ಕೇಂದ್ರದ ಡಾಕ್ಟರ್ ಹತ್ರ ಹೋಗ್ಬಹುದು. ಅದೂ ಬೇಡ, ಮೊದಲು ಫೋನಲ್ಲೇ ಕೇಳ್ಬೇಕು ಅಂತಾದ್ರೆ ಕೇರಳದ ದಿಶಾ ಹೆಲ್ಪ್‌ಲೈನ್ 1056. ವಾರ್ಡ್ ಮೆಂಬರ್ ಹತ್ರ ಮಾತ್ರ ಈ ವಿಷಯ ತಗೊಂಡು ಹೋಗ್ಬೇಡಿ, ರಸ್ತೆ ಸರಿ ಮಾಡಿಸ್ಲಿಕ್ಕೆ ಅವರು ಬೇಕು, ಇದಕ್ಕೆ ಬೇಡ.

## ಹಂತ 3: ವಿಧಾನ ಆರಿಸುವ ಮೊದಲು ಈ ಚೆಕಪ್ ಆಗ್ಬೇಕು

ಬಿಪಿ, ತೂಕ, ರಕ್ತದ ಹಿಮೋಗ್ಲೋಬಿನ್, ಸಂಶಯ ಇದ್ರೆ ಮೂತ್ರದ ಟೆಸ್ಟ್. ನೀವಾಗಿ ಹೇಳ್ಬೇಕಾದದ್ದು: ಹಾಲು ಕುಡಿಯುವ ಮಗು ಉಂಟಾ, ಬಿಪಿ ಉಂಟಾ, ಹಿಂದೆ ಕಾಮಾಲೆ ಆಗಿತ್ತಾ, ಮೈಗ್ರೇನ್, ಪಿಸಿಒಡಿ, ಎದೆಯಲ್ಲಿ ಗಂಟು, ಕಾರಣ ಇಲ್ಲದ ರಕ್ತಸ್ರಾವ, ಟಿಬಿ ಮಾತ್ರೆ. ಕೇಳದಿದ್ರೂ ಹೇಳಿ. ಇದರಲ್ಲಿ ಯಾವುದಾದ್ರೂ ಒಂದು ಇದ್ರೆ ಆರಿಸುವ ವಿಧಾನವೇ ಬದಲಾಗ್ತದೆ.

30 ದಾಟಿದವರು ಹೋದದ್ದು ಹೋಗಿದ್ದೇವೆ ಅಂತ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಸ್ಕ್ರೀನಿಂಗ್ ಕೂಡ ಕೇಳಿ ಬನ್ನಿ. ಬಿಳಿ ಹೋಗೋದು, ವಾಸನೆ, ತುರಿಕೆ ಇದ್ರೆ ಕಾಪರ್‌ಟಿ ಹಾಕಿಸುವ ಮೊದಲು ಅದನ್ನ ಗುಣ ಮಾಡಿಸ್ಕೊಳ್ಬೇಕು, ಒಳಗೆ ಇನ್ಫೆಕ್ಷನ್ ಇರುವಾಗ ಹಾಕಿದ್ರೆ ಅದು ಮೇಲೆ ಹತ್ತುವ ಅಪಾಯ ಉಂಟು.

## ಹಂತ 4: ಆರಿಸೋದು, ಮತ್ತೆ ಅದರಲ್ಲಿ ಎಲ್ಲಿ ತಪ್ತಾರೆ

### ಛಾಯಾ

ವಾರದ ಮಾತ್ರೆ, ಹಾರ್ಮೋನ್ ಇಲ್ಲ, ಹಾಲು ಕೊಡುವ ತಾಯಂದಿರಿಗೂ ಆಗ್ತದೆ. ಆದ್ರೆ ಅತೀ ಹೆಚ್ಚು ಲೆಕ್ಕ ತಪ್ಪೋದು ಇದರಲ್ಲೇ. ಮೊದಲ 3 ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮುಟ್ಟು ಮಂಗಳವಾರ ಶುರುವಾಯ್ತು ಅಂತಿಟ್ಕೊಳ್ಳಿ, ಆವತ್ತೇ ಮೊದಲ ಮಾತ್ರೆ, ಎರಡನೇದು ಶುಕ್ರವಾರ, ಮುಂದಿನ 3 ತಿಂಗಳು ಮಂಗಳವಾರ-ಶುಕ್ರವಾರ, ಅದಾದ್ಮೇಲೆ ಬರೀ ಮಂಗಳವಾರ. ಭಾನುವಾರ ಆದ್ರೆ ಭಾನುವಾರ-ಬುಧವಾರ, ಸೋಮವಾರ ಆದ್ರೆ ಸೋಮವಾರ-ಗುರುವಾರ. ನಡುವೆ ಮುಟ್ಟು ಯಾವ ದಿನ ಬಂದ್ರೂ ಮಾತ್ರೆ ತಗೊಳ್ಳುವ ವಾರದ ದಿನ ಬದಲಾಗೋದಿಲ್ಲ. ಪ್ರತಿ ತಿಂಗಳು ಮುಟ್ಟಾದ ದಿನಕ್ಕೆ ಹೊಸದಾಗಿ ಶುರು ಮಾಡುವವರಿದ್ದಾರೆ, ತಪ್ಪು.

ಮರೆತ್ರೆ ನೆನಪಾದ ಕೂಡ್ಲೆ ತಗೊಳ್ಳಿ. 7 ದಿನದ ಒಳಗಾದ್ರೆ ಹಳೇ ಲೆಕ್ಕದಲ್ಲೇ ಮುಂದುವರಿಸಿ, ಮುಂದಿನ ಮುಟ್ಟಿನವರೆಗೆ ನಿರೋಧ್ ಕೂಡ ಬೇಕು. 7 ದಿನ ದಾಟಿದ್ರೆ ಹೊಸಬರ ಹಾಗೆ ವಾರಕ್ಕೆ ಎರಡರಿಂದ ಮತ್ತೆ ಶುರು. ಛಾಯಾ ತಗೊಳ್ಳುವಾಗ ಮುಟ್ಟು ತಡ ಆಗೋದು ಮಾಮೂಲು, ಅದಕ್ಕೆ ಹೆದರಿ ಬಿಡುವವರು ತುಂಬ ಜನ, ಆದ್ರೆ 15 ದಿನಕ್ಕಿಂತ ಜಾಸ್ತಿ ತಡ ಆದ್ರೆ ನಿಶ್ಚಯ್ ಕಿಟ್ಟಲ್ಲಿ ನೋಡಿ. ಪಿಸಿಒಡಿ ಇರುವವರಿಗೆ, ಇತ್ತೀಚೆಗೆ ಕಾಮಾಲೆ ಆದವರಿಗೆ ಇದು ಬೇಡ.

### ಅಂತರ ಇಂಜೆಕ್ಷನ್

3 ತಿಂಗಳಿಗೊಂದು. ಮೊದಲನೇದು ಡಾಕ್ಟರ್ ನೋಡಿದ ಮೇಲೆ, ಆಮೇಲಿನದ್ದು ಟ್ರೈನಿಂಗ್ ಆದ ನರ್ಸ್ ಕೊಡ್ಬಹುದು. ಹಾಲು ಕೊಡುವವರಿಗೆ ಹೆರಿಗೆ ಆಗಿ 6 ವಾರದ ಮೇಲೆ.

ತಾರೀಕಿನ ಲೆಕ್ಕ ನೋಡಿ: ಜನವರಿ 10ಕ್ಕೆ ತಗೊಂಡ್ರೆ ಮುಂದಿನದ್ದು ಏಪ್ರಿಲ್ 10. ಆ ದಿನ ಊರಲ್ಲಿ ಇರೋದಿಲ್ಲ ಅಂತಾದ್ರೆ 2 ವಾರ ಮೊದಲೇ ತಗೊಳ್ಬಹುದು, ಅಂದ್ರೆ ಮಾರ್ಚ್ 27ರಿಂದ. ತಡ ಆದ್ರೆ 4 ವಾರದವರೆಗೆ ಅವಕಾಶ, ಮೇ 8. ಅದೂ ದಾಟಿದ್ರೆ ಬಸುರಿ ಅಲ್ಲ ಅಂತ ನೋಡದೆ ಕೊಡೋದಿಲ್ಲ. ಅಂತರ ಕಾರ್ಡ್ ಕೊಡ್ತಾರೆ, ಅದನ್ನ ಕಳ್ಕೊಳ್ಬೇಡಿ, ಕೊಟ್ಟ ದಿನವೇ ಫೋಟೋ ತೆಗೆದಿಡಿ.

ಚುಚ್ಚಿದ ಜಾಗ ತಿಕ್ಕಬಾರದು, ಬಿಸಿ ಬಟ್ಟೆ ಇಡಬಾರದು. ನಮ್ಮ ಕಡೆ ಇಂಜೆಕ್ಷನ್ ಆದ ಕೂಡ್ಲೆ ಅಜ್ಜಿಯಂದಿರು ಬಿಸಿನೀರು ತರ್ತಾರೆ, ಇದಕ್ಕೆ ಮಾತ್ರ ಬೇಡ ಅಂತ ಹೇಳಿ, ಮದ್ದು ನಿಧಾನ ಇಳೀಬೇಕು, ತಿಕ್ಕಿದ್ರೆ ಬೇಗ ಹೋಗಿಬಿಡ್ತದೆ. ಮೊದಲ ತಿಂಗಳುಗಳಲ್ಲಿ ಆಗಾಗ ಸ್ವಲ್ಪ ಸ್ವಲ್ಪ ಹೋಗೋದು, ಕ್ರಮೇಣ ಮುಟ್ಟೇ ನಿಲ್ಲೋದು, ಎರಡೂ ಸಾಧಾರಣ. ಕೆಟ್ಟ ರಕ್ತ ಒಳಗೆ ನಿಲ್ತದೆ ಅನ್ನೋದೆಲ್ಲ ಸುಳ್ಳು. ಬೇಗ ಇನ್ನೊಂದು ಮಗು ಬೇಕು ಅಂತ ಇರುವವರಿಗೆ ಮಾತ್ರ ಇದನ್ನ ನಾನು ಹೇಳೋದಿಲ್ಲ, ಕೊನೇ ಇಂಜೆಕ್ಷನ್ ಆದ ಮೇಲೆ ಗರ್ಭ ನಿಲ್ಲಲಿಕ್ಕೆ 7ರಿಂದ 10 ತಿಂಗಳು ಹಿಡೀಬಹುದು.

### ಕಾಪರ್‌ಟಿ

ಎರಡು ಬಗೆ, ಒಂದು 10 ವರ್ಷದ್ದು, ಒಂದು 5 ವರ್ಷದ್ದು. ಯಾವುದು ಹಾಕಿದ್ರು ಅಂತ ಕೇಳಿ ಕಾರ್ಡಲ್ಲಿ ಬರೆಸಿ. ಬೇಡ ಅನಿಸಿದ ದಿನ ತೆಗೆಸ್ಬಹುದು, ತೆಗೆಸ್ಲಿಕ್ಕೆ ಕಾರಣ ಹೇಳ್ಬೇಕಾಗಿಲ್ಲ.

ಹೆರಿಗೆ ಆದ 48 ಗಂಟೆ ಒಳಗೂ ಹಾಕಿಸ್ಬಹುದು, ಅದು ತಪ್ಪಿದ್ರೆ 6 ವಾರ ಕಾಯ್ಬೇಕು. ಹೆರಿಗೆ ನೋವಿನ ಮಧ್ಯೆ ಕೇಳಿದ್ರೆ ಯಾರಿಗೂ ತಲೆ ಓಡೋದಿಲ್ಲ, ಆದ್ದರಿಂದ ಬಸುರಿ ಇರುವಾಗಿನ ಚೆಕಪ್‌ನಲ್ಲೇ ಬೇಕೋ ಬೇಡವೋ ಹೇಳಿ ತಾಯಿ ಕಾರ್ಡಲ್ಲಿ ಬರೆಸಿಡಿ. ಡಿಸ್ಚಾರ್ಜ್ ಆಗುವಾಗ "ಒಳಗೆ ಎಂತಾದ್ರೂ ಹಾಕಿದ್ದೀರಾ" ಅಂತ ಬಾಯಿ ಬಿಟ್ಟು ಕೇಳಿ.

ಹಾಕಿದ ಮೇಲೆ ಮುಂದಿನ ಮುಟ್ಟಾದ ನಂತರ ಅಥವಾ 6 ವಾರಕ್ಕೆ ಒಂದು ಸಲ ತೋರಿಸ್ಬೇಕು. ಮೊದಲ ಕೆಲವು ತಿಂಗಳು ಮುಟ್ಟು ಜಾಸ್ತಿ ಹೋಗೋದು, ಹೊಟ್ಟೆ ಹಿಡ್ಕೊಳ್ಳೋದು ಇರ್ತದೆ. ಇದು ಮೇಲೆ ಹೃದಯಕ್ಕೆ ಹೋಗ್ತದೆ ಅನ್ನುವ ಮಾತು ಇನ್ನೂ ಓಡಾಡ್ತಾ ಉಂಟು, ಗರ್ಭಕೋಶದಿಂದ ಹೃದಯಕ್ಕೆ ದಾರಿಯೇ ಇಲ್ಲ ಮಾರಾಯ್ರೆ.

### ದಿನದ ಮಾತ್ರೆ, ನಿರೋಧ್

ಮಾಲಾ-ಎನ್ ಹಾಳೆಯಲ್ಲಿ 28 ಮಾತ್ರೆ, 21 ಹಾರ್ಮೋನಿನದ್ದು, 7 ಕಬ್ಬಿಣದ್ದು. ಬಣ್ಣ ಬೇರೆ ಅಂತ 7ನ್ನ ಬಿಸಾಡಿ ಹೊಸ ಹಾಳೆ ಮರೆಯುವವರು ತುಂಬ, ಎಲ್ಲ ತಗೊಂಡ್ರೆ ಲೆಕ್ಕ ತಪ್ಪೋದಿಲ್ಲ. ಹೆರಿಗೆ ಆಗಿ 6 ತಿಂಗಳು ಆಗದೆ ಹಾಲು ಕೊಡುವವರಿಗೆ, ಬಿಪಿ ಇರುವವರಿಗೆ ಬೇಡ. ನಿರೋಧ್ ಬಗ್ಗೆ ಹೇಳ್ಲಿಕ್ಕೆ ಹೆಚ್ಚಿಲ್ಲ, ಎಕ್ಸ್‌ಪೈರಿ ನೋಡಿ, ಪರ್ಸಲ್ಲಿ ತಿಂಗಳುಗಟ್ಟಲೆ ಇಡ್ಬೇಡಿ, ಲೈಂಗಿಕ ರೋಗದಿಂದ ಕಾಪಾಡೋದು ಈ ಪಟ್ಟಿಯಲ್ಲಿ ಇದೊಂದೇ.

### ಗಂಡ ಗಲ್ಫಲ್ಲಿ ಇರುವ ಮನೆಗಳಿಗೆ

ಉಪ್ಪಳ, ಕುಂಬಳೆ, ಮಂಜೇಶ್ವರ ಕಡೆ ಇದು ಮನೆ ಮನೆ ಕತೆ. ವರ್ಷಕ್ಕೊಮ್ಮೆ ಒಂದೆರಡು ತಿಂಗಳ ರಜೆ, ಅದಕ್ಕೆ ಎಂತಕ್ಕೆ ವರ್ಷ ಪೂರ್ತಿ ಮದ್ದು ಅಂತ ಏನೂ ಮಾಡೋದಿಲ್ಲ, ಅವರು ಬಂದ ಮೇಲೆ ಗಡಿಬಿಡಿಯಲ್ಲಿ ಮೆಡಿಕಲ್ ಶಾಪಿಂದ ಎಮರ್ಜೆನ್ಸಿ ಮಾತ್ರೆ ತರೋದು, ಒಂದಲ್ಲ, ರಜೆ ಮುಗಿಯುವಷ್ಟರಲ್ಲಿ ಮೂರು ನಾಲ್ಕು. ಈಝಿ ಪಿಲ್ ಇರೋದು ಕಾಂಡೋಮ್ ಹರಿದಾಗಿನ ಹಾಗಿನ ಸಮಯಕ್ಕೆ, 72 ಗಂಟೆ ಒಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೇದು. ಅದನ್ನೇ ಮಾಮೂಲು ಮಾಡ್ಕೊಂಡ್ರೆ ಬೇರೆ ವಿಧಾನದಷ್ಟು ಭದ್ರ ಅಲ್ಲ, ಮುಟ್ಟಿನ ಲೆಕ್ಕವೂ ಅಡಿಮೇಲಾಗ್ತದೆ, ಆಮೇಲೆ ಬಸುರಿಯೋ ಅಲ್ವೋ ಅಂತ ಟೆನ್ಶನ್.

ಟಿಕೆಟ್ ಬುಕ್ ಆದ ದಿನವೇ ಸಬ್ ಸೆಂಟರಿಗೆ ಹೋಗಿ. ಅವರು ಬರುವ ಮುಂಚಿನ ಮುಟ್ಟಿಗೆ ಛಾಯಾ ಅಥವಾ ಅಂತರ ಶುರು ಮಾಡಿದ್ರೆ ಬರುವಷ್ಟರಲ್ಲಿ ನೀವು ರೆಡಿ. ಇನ್ನು ಮಕ್ಕಳು ಬೇಡ ಅಥವಾ ಸುಮಾರು ವರ್ಷ ಬೇಡ ಅಂತಾದ್ರೆ ಕಾಪರ್‌ಟಿಯೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ರಜೆ ಯಾವಾಗ ಸಿಕ್ರೂ ತಲೆಬಿಸಿ ಇಲ್ಲ.

## ಹಂತ 5: ಆಸ್ಪತ್ರೆಯ ದಿನ

ಓಪಿ ಚೀಟಿ ಮಾಡುವ ಕೌಂಟರಲ್ಲಿ ಎಲ್ಲರೆದುರು ವಿಷಯ ಹೇಳ್ಬೇಕಾಗಿಲ್ಲ, "ಲೇಡಿ ಡಾಕ್ಟರ್, ಗೈನಕಾಲಜಿ" ಅಂದ್ರೆ ಸಾಕು. ಜೆಪಿಎಚ್‌ಎನ್ ಬರೆದು ಕೊಟ್ಟ ಚೀಟಿ ಇದ್ರೆ ಅದನ್ನ ನರ್ಸಿಗೆ ಕೊಡಿ.

ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. ಮಾತಾಡುವಷ್ಟು ಮಲಯಾಳ ಎಲ್ಲರಿಗೂ ಬರ್ತದೆ, ಆದ್ರೆ ಫಾರ್ಮ್ ಓದ್ಲಿಕ್ಕೆ ಬರೋದಿಲ್ಲ, ಅಲ್ಲೇ ತೊಂದ್ರೆ. ಆಪರೇಷನ್‌ನ ಸಮ್ಮತಿ ಪತ್ರದಲ್ಲಿ ಇರೋದನ್ನ ನಿಮಗೆ ಅರ್ಥ ಆಗುವ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ಸಹಿ ತಗೊಳ್ಬೇಕು. "ಕನ್ನಡದಲ್ಲಿ ಹೇಳಿ" ಅಂತ ಕೇಳಿ, ಆ ವಾರ್ಡಲ್ಲಿ ಕನ್ನಡವೋ ತುಳುವೋ ಬರುವ ಒಬ್ಬ ಸಿಸ್ಟರ್ ಇದ್ದೇ ಇರ್ತಾರೆ, ಇಲ್ಲದಿದ್ರೆ ಮಲಯಾಳ ಓದ್ಲಿಕ್ಕೆ ಬರುವ ನಂಬಿಕೆಯವರನ್ನ ಜೊತೆಗೆ ಕರ್ಕೊಂಡು ಹೋಗಿ. ಶಾಲೆಗೆ ಹೋಗುವ ಮಗಳನ್ನ ಇದಕ್ಕೆ ಕರ್ಕೊಂಡು ಹೋಗುವವರಿದ್ದಾರೆ, ಆ ಹುಡುಗಿಗೂ ಕಷ್ಟ, ನಿಮಗೂ ಕೇಳ್ಬೇಕಾದದ್ದು ಕೇಳ್ಲಿಕ್ಕೆ ಆಗೋದಿಲ್ಲ.

ಅತ್ತೆಯೋ ಗಂಡನೋ ರೂಮಿನ ಒಳಗೆ ಬಂದು ನಿಮ್ಮ ಬದಲು ಉತ್ತರ ಕೊಡ್ತಾ ಇದ್ರೆ "ನಾನೊಬ್ಬಳೇ ಮಾತಾಡ್ಬೇಕು" ಅಂತ ನರ್ಸಿಗೆ ಮೆಲ್ಲ ಹೇಳಿ, ಅವರು ಹೊರಗೆ ಕಳಿಸ್ತಾರೆ.

## ಹಂತ 6: ಆಪರೇಷನ್

ಹೆಂಗಸರಿಗೆ: ಮದುವೆ ಆಗಿರ್ಬೇಕು, ವಯಸ್ಸು 22ರಿಂದ 49, ಮಕ್ಕಳಲ್ಲಿ ಕಡಿಮೆ ಅಂದ್ರೆ ಒಂದಕ್ಕಾದ್ರೂ 1 ವರ್ಷ ದಾಟಿರ್ಬೇಕು (ವೈದ್ಯಕೀಯ ಕಾರಣ ಇದ್ರೆ ಬೇರೆ). ಗಂಡನ ಸಹಿ ಕಡ್ಡಾಯ ಅಲ್ಲ, ನಿಮ್ಮ ಸಹಿ ಸಾಕು. ಹೆರಿಗೆ ನೋವಿನಲ್ಲಿ ಇರುವಾಗ ಅಥವಾ ಮತ್ತು ಬರುವ ಮದ್ದು ಕೊಟ್ಟ ಮೇಲೆ ಸಹಿ ತಗೊಳ್ಬಾರದು, ಹಾಗಾಗಿ ಸಿಸೇರಿಯನ್ ಜೊತೆಗೇ ಮಾಡಿಸೋದಾದ್ರೆ ಮೊದಲೇ ತೀರ್ಮಾನ ಮಾಡಿ ಬರೆಸಿಡಿ. ಎಷ್ಟು ಗಂಟೆಯಿಂದ ಊಟ, ನೀರು ಬಿಡ್ಬೇಕು ಅಂತ ಮುಂಚಿನ ದಿನವೇ ಕೇಳಿ, ಬೆಳಿಗ್ಗೆ ಚಾ ತಿಂಡಿ ಮುಗಿಸಿ ಬಂದು ವಾಪಸ್ ಹೋದವರ ಸಂಖ್ಯೆ ಕಮ್ಮಿ ಏನಿಲ್ಲ.

ಮನೆಗೆ ಬಂದ ಮೇಲೆ ಎರಡು ದಿನ ಪೂರ್ತಿ ರೆಸ್ಟ್, ಒಂದು ವಾರ ಭಾರ ಎತ್ತೋದು ಬೇಡ. ಅಂದ್ರೆ ಅಡಿಕೆ ಗೋಣಿ, ನೀರಿನ ಕೊಡ, ದನದ ಹುಲ್ಲಿನ ಕಟ್ಟು ಯಾವುದೂ ಬೇಡ, ಮನೆಯವರಿಗೆ ಮೊದಲೇ ಹೇಳಿ ವ್ಯವಸ್ಥೆ ಮಾಡಿ. ಗಾಯ ಒದ್ದೆ ಮಾಡ್ಬೇಡಿ.

ಗಂಡಸರಿಗೆ: ಇದನ್ನ ಓದುವ ಗಂಡಸರು ಈ ಪ್ಯಾರಾ ಹಾರಿಸ್ತಾರೆ ಅಂತ ಗೊತ್ತು, ಆದ್ರೂ ಬರೀತೇನೆ, ಎಂತಕ್ಕೆ ಅಂದ್ರೆ ಇದು ಹೆಂಗಸರದ್ದಕ್ಕಿಂತ ಸಣ್ಣ ಕೆಲಸ. ಎನ್‌ಎಸ್‌ವಿ ಅಂತಾರೆ, ಬ್ಲೇಡಿನ ಗಾಯ ಇಲ್ಲ, ಹೊಲಿಗೆ ಇಲ್ಲ, ಅದೇ ದಿನ ಮನೆಗೆ ಬರ್ಬಹುದು. ಎರಡು ದಿನ ರೆಸ್ಟ್, ಒಂದು ವಾರ ಸೈಕಲ್, ಭಾರದ ಕೆಲಸ ಬೇಡ. ಗಂಡಸುತನ, ಶಕ್ತಿ ಯಾವುದೂ ಹೋಗೋದಿಲ್ಲ, ಕಟ್ಟೋದು ವೀರ್ಯಾಣು ಬರುವ ನಾಳವನ್ನ ಮಾತ್ರ. ದೊಡ್ಡ ತಪ್ಪು ಆಗೋದು ಇದಾದ ಮೇಲೆ: ಆವತ್ತಿಂದಲೇ ಕೆಲಸ ಮಾಡ್ತದೆ ಅಂತ ತಿಳ್ಕೊಳ್ಳೋದು. ಇಲ್ಲ, 3 ತಿಂಗಳು ನಿರೋಧ್ ಬಳಸ್ಬೇಕು, ಆಮೇಲೆ ವೀರ್ಯದ ಟೆಸ್ಟ್ ಮಾಡಿಸಿ ವೀರ್ಯಾಣು ಇಲ್ಲ ಅಂತ ರಿಪೋರ್ಟ್ ಬಂದ ಮೇಲೆಯೇ ಬಿಡ್ಬೇಕು. ಟೆಸ್ಟ್ ಮಾಡಿಸದೆ ಹೆಂಡತಿ ಬಸುರಿಯಾಗಿ ಮನೆಯಲ್ಲಿ ಸಂಶಯ, ಜಗಳ ಆದ ಕತೆಗಳು ಉಂಟು, ಪಾಪ ಅವಳದ್ದೇನು ತಪ್ಪು. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪರೇಷನ್‌ನ ಪಾಕ್ಷಿಕ ಇರ್ತದೆ, ಆಗ ಕೇಳಿದ್ರೆ ಕ್ಯಾಂಪ್ ಎಲ್ಲಿ ಅಂತ ಸುಲಭದಲ್ಲಿ ಗೊತ್ತಾಗ್ತದೆ.

ಸರ್ಟಿಫಿಕೇಟ್ ತಗೊಳ್ಳದೆ ಬಿಡ್ಬೇಡಿ. ಹೆಂಗಸರಿಗೆ ಒಂದು ತಿಂಗಳಾದ ಮೇಲೆ ಅಥವಾ ಮುಂದಿನ ಮುಟ್ಟಾದ ಮೇಲೆ, ಗಂಡಸರಿಗೆ ಆ ಟೆಸ್ಟ್ ಆದ ಮೇಲೆ. ಅಪರೂಪಕ್ಕೆ ಆಪರೇಷನ್ ಫೇಲ್ ಆಗೋದುಂಟು, ಸರಕಾರದ ಪರಿಹಾರ ಸ್ಕೀಮ್ ಇದೆ, ಫೇಲ್ ಆದದ್ದು ಗೊತ್ತಾದ 90 ದಿನದ ಒಳಗೆ ಕಾಗದ ಸಮೇತ ಅರ್ಜಿ ಹಾಕ್ಬೇಕು.

## ಹಂತ 7: ಕೂಡ್ಲೆ ಆಸ್ಪತ್ರೆಗೆ ಓಡ್ಬೇಕಾದ ಲಕ್ಷಣಗಳು

ಕಾಪರ್‌ಟಿ ಹಾಕಿದವರಿಗೆ ಜ್ವರ, ಹೊಟ್ಟೆಯ ಕೆಳಗೆ ಜೋರು ನೋವು, ವಾಸನೆಯ ಸ್ರಾವ, ಕಾಪರ್‌ಟಿಯ ದಾರ ಕೈಗೆ ಸಿಗದಿರೋದು, ಮುಟ್ಟು ನಿಲ್ಲೋದು. ಮಾತ್ರೆ ತಗೊಳ್ಳುವವರಿಗೆ ಕಾಲಿನ ಮೀನಖಂಡ ಊದಿ ನೋವು, ಎದೆನೋವು, ಸಹಿಸಲಾಗದ ತಲೆನೋವು, ಕಣ್ಣು ಮಂಜಾಗೋದು.

ಆಪರೇಷನ್ ಆದವರಿಗೆ ಜ್ವರ, ಗಾಯದಲ್ಲಿ ಕೀವು, ಹೊಟ್ಟೆ ಉಬ್ಬರಿಸೋದು, ತಲೆ ತಿರುಗಿ ಬೀಳೋದು. ಮತ್ತೆ ಎಷ್ಟೇ ವರ್ಷ ಆಗಿರ್ಲಿ, ಆಪರೇಷನ್ ಆದವರಿಗೆ ಮುಟ್ಟು ತಪ್ಪಿ ಹೊಟ್ಟೆಯ ಒಂದು ಬದಿ ನೋವು ಬಂದ್ರೆ ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕುಡಿದು ಮಲಗ್ಬೇಡಿ, ನಾಳದಲ್ಲಿ ಗರ್ಭ ನಿಂತಿರ್ಬಹುದು, ಅದು ಒಡೆದ್ರೆ ಜೀವಕ್ಕೇ ಅಪಾಯ. ರಾತ್ರಿ ಆದ್ರೂ 108ಕ್ಕೆ ಫೋನ್ ಮಾಡಿ.

## ಹಂತ 8: ಮಂಗಳೂರಲ್ಲಿ ಮಾಡಿಸಿದವರು

ಲೇಡಿಗೋಶನ್‌ನಲ್ಲೋ ದೇರಳಕಟ್ಟೆಯಲ್ಲೋ ಹೆರಿಗೆ ಮಾಡಿಸೋದು ನಮ್ಮ ಕಡೆ ತುಂಬ ಮಾಮೂಲು, ಬಸ್ಸಿಗೂ ಹತ್ರ, ಭಾಷೆಗೂ ಸುಲಭ. ಆದ್ರೆ ಅಲ್ಲಿ ಹಾಕಿಸಿದ ಕಾಪರ್‌ಟಿ, ಅಲ್ಲಿ ಆದ ಆಪರೇಷನ್ ಇಲ್ಲಿಯ ಜೆಪಿಎಚ್‌ಎನ್‌ಗೆ ತನ್ನಿಂದ ತಾನೇ ಗೊತ್ತಾಗೋದಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ ಎಂತ ಮಾಡಿದ್ರು, ಯಾವ ತಾರೀಕು, ಕಾಪರ್‌ಟಿ ಆದ್ರೆ ಯಾವ ಬಗೆ ಅಂತ ಬರೆಸಿ, ಜೆರಾಕ್ಸ್ ಒಂದು ಸಬ್ ಸೆಂಟರಿಗೆ ಕೊಡಿ. ಹತ್ತು ವರ್ಷ ಕಳೆದು ತೆಗೆಸುವಾಗ ಆ ಕಾಗದವೇ ಬೇಕಾಗೋದು. ಆಪರೇಷನ್‌ನ ಸರ್ಟಿಫಿಕೇಟ್, ಪರಿಹಾರದ ಅರ್ಜಿ ಎಲ್ಲ ಮಾಡಿದ ಆಸ್ಪತ್ರೆಯ ಮೂಲಕವೇ ಆಗ್ಬೇಕು, ಇಲ್ಲಿ ಕೇಳಿದ್ರೆ ಸಿಗೋದಿಲ್ಲ.

## ಹಂತ 9: ಬೇಡದ ಗರ್ಭ ನಿಂತಿದ್ರೆ

ಮೊದಲು ಟೆಸ್ಟ್, ಖಾತ್ರಿಯಾದ್ರೆ ಅದೇ ವಾರ ಡಾಕ್ಟರ್ ಹತ್ರ ಹೋಗಿ, ದಿನ ಕಳೆದಷ್ಟೂ ಕಷ್ಟ. ಎಂಟಿಪಿ, ಅಂದ್ರೆ ಗರ್ಭಪಾತದ ಕಾನೂನು ಪ್ರಕಾರ 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು. 2021ರ ತಿದ್ದುಪಡಿ ಆದ ಮೇಲೆ 20ರಿಂದ 24 ವಾರದವರೆಗೆ ಕೆಲವು ಸಂದರ್ಭಗಳಲ್ಲಿ ಇಬ್ಬರು ಡಾಕ್ಟರ ಒಪ್ಪಿಗೆ ಬೇಕು: ಅತ್ಯಾಚಾರಕ್ಕೆ ಒಳಗಾದವರು, ಬಸುರಿ ಇರುವಾಗ ಗಂಡ ತೀರಿಕೊಂಡವರು ಅಥವಾ ಡೈವೋರ್ಸ್ ಆದವರು, ಭ್ರೂಣದಲ್ಲಿ ಗಂಭೀರ ತೊಂದ್ರೆ ಇರೋದು, ಹೀಗೆ. ಮದುವೆ ಆಗದವರಿಗೂ ಈ ಹಕ್ಕು ಉಂಟು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 18 ದಾಟಿದ ಹೆಂಗಸಿನ ಸಹಿ ಮಾತ್ರ ಸಾಕು, ಗಂಡನದ್ದು ಬೇಡ, ಹೆಸರು ಗುಟ್ಟಾಗಿ ಇಡ್ಬೇಕಾದದ್ದು ಆಸ್ಪತ್ರೆಯ ಕರ್ತವ್ಯ.

18 ಆಗದ ಹುಡುಗಿಯಾದ್ರೆ ಪೋಷಕರ ಸಹಿ ಬೇಕು, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾನೂನು) ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸ್ಲೇಬೇಕು. ಹುಡುಗಿ ಮತ್ತೆ ಪೋಷಕರು ಕೇಳಿಕೊಂಡ್ರೆ ಆ ವರದಿಯಲ್ಲಿ ಅವಳ ಹೆಸರು ಹೇಳ್ಬೇಕಾಗಿಲ್ಲ ಅಂತಲೂ ಸುಪ್ರೀಂ ಕೋರ್ಟಿನ ಅದೇ 2022ರ ತೀರ್ಪಿನಲ್ಲಿ ಉಂಟು. ಇದಕ್ಕೆ ಹೆದರಿ ಯಾರದೋ ಮನೆಮದ್ದಿಗೆ ಹೋಗ್ಬೇಡಿ.

ಮೆಡಿಕಲ್ ಶಾಪಿಂದ ಚೀಟಿ ಇಲ್ಲದೆ ಕಿಟ್ ತಂದು ಮನೆಯಲ್ಲೇ ನುಂಗೋದು ಎಲ್ಲಕ್ಕಿಂತ ಅಪಾಯ. ಮಾತ್ರೆಯಿಂದ ಮಾಡುವ ಗರ್ಭಪಾತಕ್ಕೆ 9 ವಾರದ ಮಿತಿ ಉಂಟು, ಗರ್ಭ ನಾಳದಲ್ಲಿದ್ರೆ ಆ ಮಾತ್ರೆ ಕೆಲಸವೇ ಮಾಡೋದಿಲ್ಲ, ಇದೆರಡೂ ಡಾಕ್ಟರ್ ನೋಡದೆ ಗೊತ್ತಾಗೋದಿಲ್ಲ. ಈಗಾಗ್ಲೇ ತಗೊಂಡಿದ್ರೆ, ಗಂಟೆಗೆ ಎರಡು ದೊಡ್ಡ ಪ್ಯಾಡ್ ನೆನೆಯುವಷ್ಟು ಎರಡು ಗಂಟೆ ಹೋದ್ರೆ, ಜ್ವರ ಬಂದ್ರೆ, ತಡ ಮಾಡ್ಬೇಡಿ. ಆಸ್ಪತ್ರೆಯಲ್ಲಿ ಏನು ತಗೊಂಡಿದ್ದೀರಿ ಅಂತ ನಿಜ ಹೇಳಿ.

## ಹಂತ 10: ಆಗೋದಿಲ್ಲ ಅಂದ್ರೆ

ಆಗೋದಿಲ್ಲ ಅಂದವರ ಹತ್ರ ಮೂರು ವಿಷಯ ಕೇಳಿ: ಎಂತಕ್ಕೆ ಆಗೋದಿಲ್ಲ, ಯಾವ ದಿನ ಆಗ್ತದೆ, ಎಲ್ಲಿ ಆಗ್ತದೆ. ಓಪಿ ಚೀಟಿಯಲ್ಲೇ ಬರೆದು ಕೊಡಿ ಅನ್ನಿ. ಇಷ್ಟು ಕೇಳಿದ್ರೆ ಅರ್ಧಕ್ಕರ್ಧ ಸಮಸ್ಯೆ ಅಲ್ಲೇ ಮುಗೀತದೆ. ಸ್ಟಾಕ್ ಇಲ್ಲ ಅಂತಾದ್ರೆ ಬರುವವರೆಗೆ ನಿರೋಧ್ ಆದ್ರೂ ತಗೊಂಡೇ ಬನ್ನಿ.

ಗಂಡನ ಸಹಿ ಇಲ್ಲದೆ ಆಗೋದಿಲ್ಲ, ಎರಡು ಮಕ್ಕಳಾಗದೆ ಆಗೋದಿಲ್ಲ, ಆಪರೇಷನ್ ಮಾಡಿಸ್ಕೊಂಡ್ರೆ ಮಾತ್ರ ಅಬಾರ್ಷನ್, ಈ ತರ ಹೇಳಿದ್ರೆ ಅದು ನಿಯಮ ಅಲ್ಲ. ಅಲ್ಲಿಯ ಮೆಡಿಕಲ್ ಆಫೀಸರ್ ಹತ್ರ ಹೋಗಿ, ಅಲ್ಲೂ ಆಗದಿದ್ರೆ ಕಾಞಂಗಾಡಲ್ಲಿ ಇರುವ ಡಿಎಂಒ (ಜಿಲ್ಲಾ ವೈದ್ಯಾಧಿಕಾರಿ) ಆಫೀಸಿಗೆ ಬರೀರಿ. ಕನ್ನಡದಲ್ಲೇ ಬರೀಬಹುದು, ಕೇರಳದ ಭಾಷಾ ಕಾನೂನು ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಆಫೀಸುಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಉಂಟು. ಅರ್ಜಿಯಲ್ಲಿ ಹೋದ ತಾರೀಕು, ಓಪಿ ನಂಬರ್, ಹೇಳಿದ ಕಾರಣ ಇಷ್ಟೇ ಸಾಕು, ನಿಮ್ಮ ಮನೆ ಕತೆ ಎಲ್ಲ ಬರೀಬೇಡಿ. ಒಂದು ಪ್ರತಿಯಲ್ಲಿ ಸೀಲು ಹಾಕಿಸಿ ವಾಪಸ್ ತಗೊಳ್ಳಿ. ಮನೆಯಲ್ಲೇ ಒತ್ತಾಯ, ಹೊಡೆತ ಇದ್ರೆ ಅದಕ್ಕೆ ಆಸ್ಪತ್ರೆ ಅಲ್ಲ, ಮಹಿಳಾ ಹೆಲ್ಪ್‌ಲೈನ್ 181.